ಮೋಟರ್‌ಹೋಮ್‌ನಲ್ಲಿ ಸ್ಯಾನ್ ಹುವಾನ್ ಬೆಟ್ಟದ ಸುತ್ತು: ಸೆಪ್ಟೆಂಬರ್ ಕೊನೆಗೆ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗಬಹುದಾ?

ಹೇಮಾವತಿ ತೀರ (ಆಲ್ಬುಕರ್ಕಿ)

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಕ್ಟೋಬರ್ ಮಧ್ಯದಲ್ಲಿ ವಾಪಸ್ ಹೊರಡುತ್ತಾರೆ. ಅಷ್ಟರೊಳಗೆ ಕೊಲರಾಡೊದ ಆಸ್ಪೆನ್ ಮರಗಳ ಕಾಡು ಹಳದಿಗೆ ತಿರುಗುವುದನ್ನು ಅವರಿಗೆ ತೋರಿಸಲೇಬೇಕು ಅಂತ ನನಗೆ ಆಸೆ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಅಮ್ಮನಿಗೆ ಹೊರಗಿನ ಊಟ ಒಗ್ಗಲ್ಲ, ಆಗಾಗ ಬಾತ್‌ರೂಮ್ ಬೇಕು. ಅದಕ್ಕೇ ಮೋಟರ್‌ಹೋಮ್ ಬಾಡಿಗೆಗೆ ತಗೊಳ್ಳೋಣ ಅಂತ ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡಿದ್ದೇವೆ. ಒಳಗೇ ಅಡುಗೆಮನೆ, ಹಾಸಿಗೆ, ಬಾತ್‌ರೂಮ್ ಇರುವ ಗಾಡಿ ಅದು. 25 ಅಡಿಯ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ್ದು, ಪೆಟ್ರೋಲ್ ಗಾಡಿ.

ನಮ್ಮ ಊರಿನ ಹತ್ತಿರ ಯುಎಸ್ 550 ಹಿಡಿದರೆ ಸೀದಾ ಡುರಾಂಗೊ. ಅಲ್ಲಿಂದ ಸಿಲ್ವರ್ಟನ್, ಯುರೇ, ರಿಜ್ವೇ, ಟೆಲ್ಯುರೈಡ್, ಕಾರ್ಟೆಜ್ ನೋಡಿಕೊಂಡು ಮತ್ತೆ ಡುರಾಂಗೊಗೆ. ಸ್ಯಾನ್ ಹುವಾನ್ ಸ್ಕೈವೇ ಅಂತಾರಲ್ಲ, ಸುಮಾರು 236 ಮೈಲಿಯ ಸುತ್ತು. ಭಯ ಇರುವುದು ಸಿಲ್ವರ್ಟನ್‌ಗೂ ಯುರೇಗೂ ನಡುವಿನ 25 ಮೈಲಿ ಬಗ್ಗೆ. ಮಿಲಿಯನ್ ಡಾಲರ್ ಹೈವೇ ಅಂತ ಹೆಸರಾದ ರಸ್ತೆ. ವಿಡಿಯೊಗಳಲ್ಲಿ ನೋಡಿದರೆ ಅಂಚಿಗೆ ತಡೆಗೋಡೆನೇ ಇಲ್ಲ, ಪಕ್ಕದಲ್ಲಿ ಪಾತಾಳ. ಇಂಥ ರಸ್ತೆಗೆ ದೊಡ್ಡ ಗಾಡಿ ತಗೊಂಡು ಹೋಗಬಹುದಾ? ಅಮ್ಮನಿಗೆ ಬಿಪಿ ಇದೆ, ಎತ್ತರದಲ್ಲಿ ತೊಂದರೆ ಆಗುತ್ತಾ? ಯಾವ ವಾರ ಹೋದರೆ ಒಳ್ಳೆಯದು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಡೆನ್ವರ್ ಕನ್ನಡಿಗ

ಮೇಡಂ, ಹೋಗಬಹುದು. ಬಸ್ಸು, ಲಾರಿ, ನಿಮ್ಮದಕ್ಕಿಂತ ಉದ್ದದ ಮೋಟರ್‌ಹೋಮ್ ಎಲ್ಲ ಆ ರಸ್ತೆಯಲ್ಲಿ ಓಡಾಡುತ್ತವೆ. ಆದರೆ ಯಾವ ಕಡೆಯಿಂದ ಹತ್ತುತ್ತೀರಿ ಅನ್ನುವುದು ಬಹಳ ಮುಖ್ಯ.

ಇಲ್ಲಿ ಬಲಗಡೆ ಡ್ರೈವಿಂಗ್. ಯುರೇಯಿಂದ ದಕ್ಷಿಣಕ್ಕೆ ಸಿಲ್ವರ್ಟನ್ ಕಡೆ ಹೊರಟರೆ ನಿಮ್ಮ ಲೇನ್ ಕಣಿವೆಯ ಅಂಚಿಗೆ ಬರುತ್ತದೆ. ಬಿಳಿ ಗೆರೆ ದಾಟಿದರೆ ಸ್ವಲ್ಪ ಟಾರು, ಅದರಾಚೆ ಅನ್‌ಕಂಪಾಗ್ರೆ ಕಮರಿ. ಸಿಲ್ವರ್ಟನ್ ಕಡೆಯಿಂದ ಉತ್ತರಕ್ಕೆ ಬಂದರೆ ನಿಮ್ಮ ಲೇನ್ ಬೆಟ್ಟದ ಗೋಡೆಗೆ ಅಂಟಿಕೊಂಡಿರುತ್ತದೆ, ಪ್ರಪಾತಕ್ಕೂ ನಿಮಗೂ ನಡುವೆ ಇನ್ನೊಂದು ಲೇನ್ ಇರುತ್ತದೆ. ಹಾಗಾಗಿ ಡುರಾಂಗೊ, ಸಿಲ್ವರ್ಟನ್, ಯುರೇ, ಆಮೇಲೆ ಪಶ್ಚಿಮಕ್ಕೆ ತಿರುಗಿ ಟೆಲ್ಯುರೈಡ್, ಕಾರ್ಟೆಜ್. ಮ್ಯಾಪ್ ಇಟ್ಟುಕೊಂಡು ನೋಡಿ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರ್ತೀವಲ್ಲ, ಅದಕ್ಕೆ ಪೂರ್ತಿ ಉಲ್ಟಾ ಸುತ್ತು. ಮೋಟರ್‌ಹೋಮ್ ಇರುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ತಡೆಗೋಡೆ ಇಲ್ಲದಿರುವುದಕ್ಕೆ ಕಾರಣ ಇದೆ. ಚಳಿಗಾಲದಲ್ಲಿ ರಸ್ತೆ ಮೇಲೆ ರಾಶಿ ರಾಶಿ ಹಿಮ ಬೀಳುತ್ತದೆ. ಹಿಮ ತೆಗೆಯುವ ಗಾಡಿಗಳು ಅದನ್ನು ಅಂಚಿನಿಂದ ಕೆಳಕ್ಕೆ ತಳ್ಳಬೇಕು. ಗೋಡೆ ಕಟ್ಟಿದರೆ ತಳ್ಳಲು ಜಾಗ ಎಲ್ಲಿ? ಹಾಗೆ ಹಿಮ ತೆಗೆಯುತ್ತಾ ಪ್ರಾಣ ಕಳೆದುಕೊಂಡ ಡ್ರೈವರ್‌ಗಳ ಸ್ಮಾರಕ ಯುರೇ ಹತ್ತಿರ ರಸ್ತೆ ಪಕ್ಕದಲ್ಲೇ ಇದೆ. ಅಲ್ಲೇ ಹತ್ತಿರ, ಬೆಟ್ಟದಿಂದ ಕುಸಿಯುವ ಹಿಮ ರಸ್ತೆಗೆ ಬೀಳದೆ ಮೇಲಿನಿಂದ ಜಾರಿ ಹೋಗಲಿ ಅಂತ 1985ರಲ್ಲಿ ಕಟ್ಟಿದ ಕಾಂಕ್ರೀಟ್ ಚಾವಣಿ ಇದೆ, ಅದರ ಕೆಳಗೇ ನೀವು ಹೋಗುತ್ತೀರಿ.

ಡುರಾಂಗೊದಿಂದ ಯುರೇ ಒಳಗೆ ಮೂರು ಕಣಿವೆ ದಾರಿ ದಾಟಬೇಕು. ಕೋಲ್ ಬ್ಯಾಂಕ್ 10,640 ಅಡಿ, ಮೋಲಸ್ 10,910 ಅಡಿ, ರೆಡ್ ಮೌಂಟನ್ 11,018 ಅಡಿ. ಪೆಟ್ರೋಲನ್ನು ಡುರಾಂಗೊದಲ್ಲೇ ಫುಲ್ ಮಾಡಿಸಿ. ಸಿಲ್ವರ್ಟನ್ ಬಿಟ್ಟರೆ ಯುರೇ ತನಕ ಬಂಕ್ ಸಿಗಲ್ಲ.

ಬಯಲುಸೀಮೆಯವ (ಫೀನಿಕ್ಸ್)

ನಾನು ಇದಕ್ಕೆ ಒಪ್ಪಲ್ಲ. ನನ್ನದು 34 ಅಡಿಯ ಕ್ಲಾಸ್ ಎ, ಬಸ್ಸಿನಂಥ ದೊಡ್ಡ ಗಾಡಿ. ಅದನ್ನು ರೆಡ್ ಮೌಂಟನ್ ಹತ್ತಿಸಲ್ಲ. ರಿಜ್ವೇ ಸ್ಟೇಟ್ ಪಾರ್ಕ್‌ನಲ್ಲಿ ನಿಲ್ಲಿಸಿ, ಹಿಂದೆ ಎಳೆದು ತಂದ ಚಿಕ್ಕ ಕಾರಿನಲ್ಲಿ ಹೋಗಿ ಬರುತ್ತೇವೆ.

ನನ್ನ ಚಿಂತೆ ಬರೀ ಪ್ರಪಾತದ್ದಲ್ಲ. ಬಾಡಿಗೆ ಗಾಡಿ ಅಂದರೆ ಅದರ ಅಗಲ, ಉದ್ದ ಕೈಗೆ ಹತ್ತಿರುವುದಿಲ್ಲ. ಕನ್ನಡಿ ಬಿಟ್ಟು ಎಂಟು ಅಡಿಗೂ ಜಾಸ್ತಿ ಅಗಲ. ಎದುರಿಗೆ ಅಂಥದ್ದೇ ಇನ್ನೊಂದು ಬಂದರೆ ಹೊಸಬರು ಗಾಬರಿ ಬೀಳುತ್ತಾರೆ. ಇನ್ನೊಂದು ಮಾತು. ಅಷ್ಟು ದೂರ ಬಣ್ಣ ನೋಡಲಿಕ್ಕೆ ಅಂತ ಹೋಗಿ, ಓಡಿಸುವವರ ಕಣ್ಣು ಬಿಳಿ ಗೆರೆ ಬಿಟ್ಟು ಬೇರೇನೂ ನೋಡದಿದ್ದರೆ ಏನು ಪ್ರಯೋಜನ? ನಿಮ್ಮ ಯಜಮಾನರೂ ನೋಡಬೇಕಲ್ವಾ?

ಡುರಾಂಗೊದಲ್ಲಿ ಮೋಟರ್‌ಹೋಮ್ ನಿಲ್ಲಿಸಿ, ಒಂದು ದಿನಕ್ಕೆ ಕಾರು ಬಾಡಿಗೆ ತಗೊಳ್ಳಿ. ಇದು ನನ್ನ ಅಭಿಪ್ರಾಯ.

ಚಾರ್ಮಾಡಿ ಚಾಲಕ

ನಾನು ಓಡಿಸಿದ್ದು ಅಲ್ಲಿ ಮೋಟರ್‌ಹೋಮ್, ಇಲ್ಲಿ ಚಾರ್ಮಾಡಿ, ಶಿರಾಡಿ. ಎರಡೂ ಕಡೆ ಓಡಿಸಿದವನಾಗಿ ಹೇಳುತ್ತೇನೆ, 25 ಅಡಿ ಗಾಡಿಗೆ ಆ ರಸ್ತೆ ಕಷ್ಟ ಅಲ್ಲ. ಟಾರು ಚೆನ್ನಾಗಿದೆ, ಗುಂಡಿ ಇಲ್ಲ, ತಿರುವಿನಲ್ಲಿ ಯಾರೂ ಓವರ್‌ಟೇಕ್ ಮಾಡಿಕೊಂಡು ಎದುರಿಗೆ ಬರುವುದಿಲ್ಲ.

ಕಷ್ಟ ಇರುವುದು ಇಳಿಯುವಾಗ. ನಮ್ಮ ಘಾಟಿ ಡ್ರೈವರ್‌ಗಳು ಹೇಳುವ ಮಾತು ಅಲ್ಲೂ ನಡೆಯುತ್ತದೆ: ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಮೋಟರ್‌ಹೋಮ್‌ನಲ್ಲಿ ಟೋ ಹಾಲ್ ಅಂತ ಒಂದು ಬಟನ್ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಒತ್ತಿ. ಇಂಜಿನ್ ಜೋರಾಗಿ ಸದ್ದು ಮಾಡುತ್ತದೆ, ಹೆದರಬೇಡಿ, ಅದು ಗಾಡಿಯನ್ನು ಹಿಡಿದುಕೊಳ್ಳುತ್ತಿದೆ ಅಂತ ಅರ್ಥ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ ಬಂತು ಅಂದರೆ ಪಕ್ಕಕ್ಕೆ ನಿಲ್ಲಿಸಿ, ತಣ್ಣಗಾಗುವವರೆಗೆ ಕಾಯಿರಿ.

ಹತ್ತುವಾಗ ಇಂಜಿನ್ ಸೋತ ಹಾಗೆ ಅನ್ನಿಸುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿಗೆ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಮ್ಮಿ ಆಗುತ್ತದೆ. 11,000 ಅಡಿಗೆ ಬರುವಾಗ ಮೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಗಾಡಿ ಕೆಟ್ಟಿಲ್ಲ, ಗಾಳಿ ತೆಳುವಾಗಿದೆ ಅಷ್ಟೆ. ಹಿಂದೆ ಕಾರು ಸಾಲು ಕಟ್ಟಿದರೆ ಜಾಗ ಇರುವ ಕಡೆ ಬದಿಗೆ ಸರಿದು ಬಿಟ್ಟುಕೊಡಿ.

ಒಂದು ಎಚ್ಚರಿಕೆ. ಕ್ಲಾಸ್ ಸಿ ಗಾಡಿಗೆ ಹಿಂದಿನ ಚಕ್ರದಿಂದ ಆಚೆಗೆ ಬಾಲ ಉದ್ದ. ಬೆಟ್ಟದ ಗೋಡೆ ಪಕ್ಕ ನಿಲ್ಲಿಸಿ ಹೊರಡುವಾಗ ಸ್ಟೀರಿಂಗ್ ಜಾಸ್ತಿ ತಿರುಗಿಸಿದರೆ ಬಾಲ ಹೋಗಿ ಬಂಡೆಗೆ ಬಡಿಯುತ್ತದೆ. ಮೊದಲು ನೇರ ಮುಂದೆ ಬಂದು ಆಮೇಲೆ ತಿರುಗಿಸಿ. ಹೊರಡುವ ಮೊದಲು ಯಾವುದಾದರೂ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅರ್ಧ ದಿನ ಪ್ರಾಕ್ಟೀಸ್ ಮಾಡಿ. ಬಯಲುಸೀಮೆಯವರು ಹೇಳಿದ "ಕೈಗೆ ಹತ್ತಿರುವುದಿಲ್ಲ" ಅನ್ನುವ ಮಾತು ನಿಜ. ಅದಕ್ಕೆ ಪ್ರಾಕ್ಟೀಸೇ ಮದ್ದು.

ಹೇಮಾವತಿ ತೀರ

ತುಂಬ ಧನ್ಯವಾದ. ಪ್ರಾಕ್ಟೀಸ್ ಖಂಡಿತ ಮಾಡುತ್ತೇವೆ. ಎತ್ತರದ ಬಗ್ಗೆ ಮತ್ತು ಅಡುಗೆ ಬಗ್ಗೆ ಯಾರಾದರೂ ಹೇಳಿ. ಅಮ್ಮ ಕುಕ್ಕರ್, ಫಿಲ್ಟರ್, ಒಗ್ಗರಣೆ ಡಬ್ಬಿ ಎಲ್ಲ ಈಗಲೇ ಕಟ್ಟಿಡುತ್ತಿದ್ದಾರೆ.

ಅಡುಗೆಮನೆ ಅಕ್ಕ (ಫೋರ್ಟ್ ಕಾಲಿನ್ಸ್)

ಕುಕ್ಕರ್ ಮರೀಬೇಡಿ ತಂಗಿ, ಅದೇ ಅಲ್ಲಿ ಜೀವ. ಮೋಲಸ್ ಹತ್ತಿರದ ಎತ್ತರದಲ್ಲಿ ನೀರು ಸುಮಾರು 89, 90 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಅಂತ ಕುದಿಯೋದು ಕಾಣುತ್ತದೆ, ಆದರೆ ತೊಗರಿಬೇಳೆ ಬೇಯಲ್ಲ. ತೆರೆದ ಪಾತ್ರೆಯಲ್ಲಿಟ್ಟರೆ ಗಂಟೆಗಟ್ಟಲೆ ಗ್ಯಾಸ್ ಹೋಗುತ್ತದೆ, ಬೇಳೆ ಕಾಳುಕಾಳಾಗಿಯೇ ಇರುತ್ತದೆ. ಕುಕ್ಕರಿನಲ್ಲಿಟ್ಟರೂ ಮನೆಯಲ್ಲಿ ಮೂರು ಕೂಗಿಗೆ ಆಗುವುದು ಅಲ್ಲಿ ಐದಾರು ಕೂಗು ಬೇಡುತ್ತದೆ. ಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕಿ. ಅನ್ನಕ್ಕೂ ಕುಕ್ಕರ್ರೇ. ಕಾಫಿಗೆ ಮಾತ್ರ ಏನೂ ತೊಂದರೆ ಇಲ್ಲ, ಆ ಬಿಸಿಗೆ ಡಿಕಾಕ್ಷನ್ ಚೆನ್ನಾಗಿಯೇ ಇಳಿಯುತ್ತದೆ.

ಕೆಳಗಿನಿಂದ ಮುಚ್ಚಿ ತಂದ ಡಬ್ಬಿ, ಪ್ಯಾಕೆಟ್ ಎಲ್ಲ ಮೇಲೆ ಬಂದಾಗ ಉಬ್ಬಿಕೊಂಡಿರುತ್ತವೆ. ಉಪ್ಪಿನಕಾಯಿ, ತುಪ್ಪದ ಡಬ್ಬಿ ತೆಗೆಯುವಾಗ ಮುಖ ದೂರ ಇಟ್ಟು ನಿಧಾನ ತೆಗೆಯಿರಿ. ಹೆಪ್ಪು ಹಾಕಿದ ಮೊಸರು ಚಳಿಗೆ ಗಟ್ಟಿಯಾಗಲ್ಲ, ಕಂಬಳಿಯಲ್ಲಿ ಸುತ್ತಿಡಿ. ಫ್ರಿಜ್ ಪ್ರೊಪೇನ್‌ನಲ್ಲಿ ನಡೆಯುವುದಾದರೆ ಅಷ್ಟು ಎತ್ತರದಲ್ಲಿ ಅದರ ಗ್ಯಾಸ್ ಉರಿ ಆಗಾಗ ಆರಿಹೋಗುತ್ತದೆ. ಗಾಡಿ ಮಟ್ಟಸವಾಗಿ ನಿಲ್ಲಿಸದಿದ್ದರೂ ಕೈಕೊಡುತ್ತದೆ. ಕರೆಂಟ್ ಹುಕಪ್ (ಗಾಡಿಗೆ ಹೊರಗಿನಿಂದ ಕರೆಂಟ್ ಕೊಡುವ ಪ್ಲಗ್) ಇರುವ ಕಡೆ ಕರೆಂಟಿಗೆ ಹಾಕಿಕೊಳ್ಳಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಹೊರಡುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಡುರಾಂಗೊನೇ ಸುಮಾರು 6,500 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ! ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,330 ಅಡಿ. ಹಾಸನದವರಿಗೆ ಇದನ್ನು ಹೇಳಿದರೆ ಅಂದಾಜು ಸಿಗುತ್ತದೆ. ನೀವು ಆಲ್ಬುಕರ್ಕಿಯಲ್ಲೇ ಇರುವುದರಿಂದ ಅವರಿಗೆ ಈಗಾಗಲೇ 5,000 ಅಡಿ ಅಭ್ಯಾಸ ಆಗಿದೆ, ಅದು ಒಳ್ಳೆಯದಾಯಿತು. ಹಗಲು ಮೇಲೆ ಸುತ್ತಿ, ರಾತ್ರಿ ಕೆಳಗೆ ಮಲಗಿ. ಸಿಲ್ವರ್ಟನ್ 9,318 ಅಡಿ, ಅಲ್ಲಿ ಮಲಗಬೇಡಿ. ಯುರೇ 7,792, ರಿಜ್ವೇ ಅದಕ್ಕಿಂತಲೂ ಕೆಳಗೆ. ತಲೆನೋವು, ವಾಕರಿಕೆ ಬಂದರೆ ಮಾತ್ರೆ ನುಂಗಿ ಅಲ್ಲೇ ಕೂರಬೇಡಿ, ಕೆಳಗಿಳಿಯಿರಿ. ನೀರು ಕುಡಿಸುತ್ತಾ ಇರಿ. ದಾರಿಯಲ್ಲಿ ಬಾತ್‌ರೂಮ್ ಹುಡುಕಬೇಕಲ್ಲ ಅಂತ ನಮ್ಮ ಅಮ್ಮಂದಿರು ನೀರೇ ಕುಡಿಯಲ್ಲ. ಮೋಟರ್‌ಹೋಮ್‌ನಲ್ಲಿ ಆ ಚಿಂತೆ ಇಲ್ಲ ಅಂತ ಮೊದಲೇ ಹೇಳಿಬಿಡಿ.

ಗಿಡಮರ (ಲೋಗನ್, ಯೂಟಾ)

ಯಾವ ವಾರ ಅಂತ ಕೇಳಿದ್ದೀರಿ. ಸ್ಯಾನ್ ಹುವಾನ್ ಭಾಗದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರ, ಅಕ್ಟೋಬರ್ ಮೊದಲ ವಾರ. ಕೊಲರಾಡೊದ ಉತ್ತರದಲ್ಲಿ ಮೊದಲು ಬಣ್ಣ ಬರುತ್ತದೆ, ದಕ್ಷಿಣಕ್ಕೆ ಆಮೇಲೆ. ಒಂದೇ ಬೆಟ್ಟದಲ್ಲೂ ಮೇಲೆ ಮೊದಲು, ಕೆಳಗೆ ಆಮೇಲೆ. ಹಾಗಾಗಿ ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅಂತಿಲ್ಲ. ಮೇಲೆ ಎಲೆ ಉದುರಿದ್ದರೆ ಕೆಳಗೆ ಸಿಗುತ್ತದೆ. ಜೋರು ಗಾಳಿ ಬಂದರೆ ಮಾತ್ರ ಒಂದೇ ರಾತ್ರಿಯಲ್ಲಿ ಮರ ಬೋಳಾಗುತ್ತದೆ.

ಆಸ್ಪೆನ್ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ನೋಡುವ ಖುಷಿ ಹೆಚ್ಚುತ್ತದೆ. ಬೆಟ್ಟದ ಮೈಮೇಲೆ ಒಂದು ಕಡೆ ಪೂರ್ತಿ ಹಳದಿ, ಅದರ ಪಕ್ಕದಲ್ಲೇ ಗೆರೆ ಎಳೆದಂತೆ ಇನ್ನೂ ಹಸಿರು, ಇನ್ನೊಂದು ಕಡೆ ಕಿತ್ತಳೆ ಕಾಣುತ್ತದೆ. ಒಂದೊಂದು ಪಟ್ಟೆಯೂ ಹೆಚ್ಚಾಗಿ ಒಂದೇ ಬೇರಿನಿಂದ ಎದ್ದ ಮರಗಳು. ನಮ್ಮ ಬಾಳೆ ಕಂದು ಹಾಕುತ್ತದಲ್ಲ, ಇದೂ ಬೇರಿನಿಂದ ಕಂದು ಹಾಕಿ ಹಬ್ಬುತ್ತದೆ. ಜೀವ ಒಂದೇ ಆದ್ದರಿಂದ ಬಣ್ಣವೂ ಒಟ್ಟಿಗೇ ತಿರುಗುತ್ತದೆ. ನಮ್ಮ ಯೂಟಾದ ಫಿಶ್ ಲೇಕ್ ಹತ್ತಿರ ಪ್ಯಾಂಡೊ ಅಂತ ಒಂದಿದೆ. ಸುಮಾರು 43 ಹೆಕ್ಟೇರ್ ಹಬ್ಬಿದೆ, ಅಂದಾಜು 47,000 ಕಾಂಡ, ಎಲ್ಲ ಸೇರಿ ಒಂದೇ ಗಿಡ.

ಹಳದಿ ಬಣ್ಣ ಹೊಸದಾಗಿ ಬರುವುದಲ್ಲ. ಬೇಸಿಗೆಯಲ್ಲೂ ಎಲೆಯಲ್ಲಿ ಇರುತ್ತದೆ, ಹಸಿರು ಅದನ್ನು ಮುಚ್ಚಿರುತ್ತದೆ. ಹಗಲು ಚಿಕ್ಕದಾಗಿ ಚಳಿ ಏರಿದಾಗ ಮರ ಹಸಿರನ್ನು ಕರಗಿಸಿ ಸಾರ ವಾಪಸ್ ಎಳೆದುಕೊಳ್ಳುತ್ತದೆ, ಆಗ ಹಳದಿ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವುದು. ನಮ್ಮ ಮಾವಿನ ಚಿಗುರು ತಾಮ್ರದ ಬಣ್ಣ ಇರುತ್ತದಲ್ಲ, ಅದಕ್ಕೆ ಕಾರಣವಾದ ಆಂಥೊಸಯನಿನ್ ಬಣ್ಣಗಳೇ ಇಲ್ಲೂ ಇರುವುದು. ಊರಿನಲ್ಲಿ ಎಲೆ ಹುಟ್ಟುವಾಗ ನೋಡಿದ ಬಣ್ಣವನ್ನು ನಿಮ್ಮ ತಂದೆ ತಾಯಿ ಇಲ್ಲಿ ಎಲೆ ಸಾಯುವಾಗ ನೋಡುತ್ತಾರೆ.

ಒಂದು ಎಲೆ ಕೈಗೆ ತಗೊಂಡು ತೊಟ್ಟನ್ನು ಬೆರಳಲ್ಲಿ ಉರುಳಿಸಿ ನೋಡಿ. ಉರುಳಲ್ಲ, ಚಪ್ಪಟೆ. ಅದಕ್ಕೇ ಚೂರು ಗಾಳಿ ಬಂದರೂ ಎಲೆ ಪಟಪಟ ಅಲುಗುತ್ತದೆ.

ರೈಲುಪ್ರಿಯ (ಮೈಸೂರು)

ನಾನು ಅಲ್ಲಿಗೆ ಹೋಗಿರುವುದು ರೈಲಿಗಾಗಿ, ರಸ್ತೆಗಾಗಿ ಅಲ್ಲ. ಡುರಾಂಗೊದಿಂದ ಸಿಲ್ವರ್ಟನ್‌ಗೆ ಉಗಿಬಂಡಿ ಓಡುತ್ತದೆ. 1882ರಲ್ಲಿ ಹಾಕಿದ ಮೂರಡಿ ಅಗಲದ ಹಳಿ, 45 ಮೈಲಿ. ರಸ್ತೆ ಹೋಗುವ ದಾರಿ ಬೇರೆ, ರೈಲು ಹೋಗುವ ದಾರಿ ಬೇರೆ. ರೈಲು ಆನಿಮಸ್ ನದಿಯ ಕಮರಿಯೊಳಗೇ ಸಾಗುತ್ತದೆ, ಅಲ್ಲಿಗೆ ಕಾರು ಹೋಗುವುದೇ ಇಲ್ಲ. ಬಯಲುಸೀಮೆಯವರ ಮಾತಿನಂತೆ ಡುರಾಂಗೊದಲ್ಲೇ ಗಾಡಿ ಬಿಡುವುದಾದರೆ ತಂದೆಯವರನ್ನು ಇದರಲ್ಲಿ ಕೂರಿಸಿ. ಮೂರೂವರೆ ಗಂಟೆ ಕಿಟಕಿ ಪಕ್ಕ ಕೂತಿದ್ದರೆ ಸಾಕು, ಮಂಡಿಗೆ ಕೆಲಸ ಇಲ್ಲ.

ಈ ರಸ್ತೆ, ರೈಲು ಎರಡೂ ಬಂದದ್ದು ಬೆಳ್ಳಿಗಾಗಿ. ಬೆಟ್ಟ ಯೂಟ್ ಬುಡಕಟ್ಟಿನವರದು. 1873ರ ಬ್ರೂನೊ ಒಪ್ಪಂದದಲ್ಲಿ ಅದನ್ನು ಅವರಿಂದ ಬಿಡಿಸಿಕೊಂಡರು. ಯುರೇ ಅನ್ನುವುದು ಅವರ ನಾಯಕನ ಹೆಸರೇ. ಆಮೇಲೆ ಗಣಿಗಾರರು ನುಗ್ಗಿದರು. ಆಟೊ ಮಿಯರ್ಸ್ ಅನ್ನುವವರು 1880ರ ದಶಕದಲ್ಲಿ ಯುರೇಯಿಂದ ಬಂಡೆ ಕೊರೆದು ಸುಂಕದ ರಸ್ತೆ ಮಾಡಿದರು. ಸುಂಕದ ಕಟ್ಟೆ ಬೇರ್ ಕ್ರೀಕ್ ಜಲಪಾತದ ಸೇತುವೆ ಮೇಲೆ. ತಪ್ಪಿಸಿಕೊಂಡು ಹೋಗೋಣ ಅಂದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಮರಿ. ಅದೇ ಜಾಡಿನ ಮೇಲೆ 1920ರ ದಶಕದಲ್ಲಿ ಕಾರು ಓಡುವ ರಸ್ತೆ ಆಯಿತು.

ಗಣಿಗಳು ಮುಚ್ಚಿದರೂ ಅವುಗಳ ನೀರು ನಿಂತಿಲ್ಲ. 2015ರ ಆಗಸ್ಟ್‌ನಲ್ಲಿ ಸಿಲ್ವರ್ಟನ್ ಮೇಲಿನ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ಕೊಳಕು ನೀರು ಹೊರನುಗ್ಗಿ ಆನಿಮಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬೆಟ್ಟದ ಚೆಲುವನ್ನು ನೋಡುವಾಗ ಇದನ್ನೂ ತಿಳಿದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಬಯಲುಸೀಮೆಯವ

ಹೋಗುವುದು ಅಂತ ತೀರ್ಮಾನ ಆಗಿದ್ದರೆ ರಾತ್ರಿಯ ಚಳಿ ಬಗ್ಗೆ ಎರಡು ಮಾತು. ಆ ಹೊತ್ತಿಗೆ ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯಬಹುದು. ಮಲಗುವ ಮೊದಲು ನೀರಿನ ಹೋಸ್ ಬಿಚ್ಚಿ, ನೀರು ಪೂರ್ತಿ ಸುರಿಸಿ ಒಳಗಿಡಿ. ಇಲ್ಲದಿದ್ದರೆ ಬೆಳಿಗ್ಗೆ ಮಂಜುಗಡ್ಡೆ ತುಂಬಿದ ಕೋಲು ಸಿಗುತ್ತದೆ. ಹೀಟರಿಗೆ ಪ್ರೊಪೇನ್ ಇದ್ದರೆ ಸಾಲದು, ಅದರ ಫ್ಯಾನ್ ತಿರುಗಲು ಬ್ಯಾಟರಿ ಬೇಕು. ಹುಕಪ್ ಇಲ್ಲದ ಕಡೆ ರಾತ್ರಿಯಿಡೀ ಹೀಟರ್ ಹಾಕಿದರೆ ಬೆಳಗಿನ ಜಾವಕ್ಕೆ ಬ್ಯಾಟರಿ ಕೂತುಬಿಡುತ್ತದೆ. ವಯಸ್ಸಾದವರು ಜೊತೆಗಿರುವಾಗ ಹುಕಪ್ ಇರುವ ಜಾಗವನ್ನೇ ಹಿಡಿಯಿರಿ.

ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್ ಕೊಳಚೆಯದು), ಗ್ರೇ ಟ್ಯಾಂಕ್ (ಸಿಂಕ್, ಸ್ನಾನದ ನೀರಿನದು) ಎರಡನ್ನೂ ಡುರಾಂಗೊದಲ್ಲೇ ಖಾಲಿ ಮಾಡಿಕೊಂಡು ಹತ್ತಿ, ಭಾರ ಕಮ್ಮಿ ಆಗುತ್ತದೆ. ಸೆಪ್ಟೆಂಬರ್ ಕೊನೆಗೂ ಹಿಮ ಬೀಳಬಹುದು. ಬೆಳಿಗ್ಗೆ ಎದ್ದು ಕೊಲರಾಡೊ ಸಾರಿಗೆ ಇಲಾಖೆಯ ಸಿಒಟ್ರಿಪ್ ಸೈಟ್ ನೋಡಿಯೇ ಹೊರಡಿ. ಹಿಮ ಅಂತ ಇದ್ದರೆ ಆ ದಿನ ಇದ್ದಲ್ಲೇ ಇರಿ. ಸಂಜೆಯಾದ ಮೇಲೆ ಓಡಿಸಬೇಡಿ, ಜಿಂಕೆ, ಎಲ್ಕ್ ಅಡ್ಡ ಬರುತ್ತವೆ.

ಡೆನ್ವರ್ ಕನ್ನಡಿಗ

ಇದೊಂದು ಬರಹ ಸಾಕು, ಪ್ರಿಂಟ್ ತೆಗೆದು ಗಾಡಿಯಲ್ಲಿ ಅಂಟಿಸಿಕೊಳ್ಳಿ ಮೇಡಂ.

ಹೇಮಾವತಿ ತೀರ

ಹೋಗಿ ಬಂದೆವು! ಎಲ್ಲರೂ ಆರಾಮ. ಅಪ್ಪ ಅಮ್ಮ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಹೇಳಿದ ಹಾಗೆ ಉಲ್ಟಾ ಸುತ್ತು. ಡುರಾಂಗೊದಲ್ಲಿ ಉಳಿದು, ಟ್ಯಾಂಕ್ ಖಾಲಿ ಮಾಡಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊರಟೆವು. ಕೋಲ್ ಬ್ಯಾಂಕ್ ಹತ್ತುವಾಗ ಗಾಡಿ ಏದುಸಿರು ಬಿಟ್ಟಿತು. ಚಾರ್ಮಾಡಿ ಚಾಲಕರು ಮೊದಲೇ ಹೇಳಿದ್ದರಿಂದ ಯಜಮಾನರು ತಲೆ ಕೆಡಿಸಿಕೊಳ್ಳಲಿಲ್ಲ, ಬದಿಗೆ ಸರಿದು ಸರಿದು ಕಾರುಗಳನ್ನು ಬಿಟ್ಟುಕೊಟ್ಟರು. ಮೋಲಸ್ ಲೇಕ್ ಪಕ್ಕ ನಿಲ್ಲಿಸಿ ಅಮ್ಮ ಅಡುಗೆಗೆ ಇಟ್ಟರು. ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಮೂರು ಕೂಗಿಗೆ ತೆಗೆದು ನೋಡಿದರೆ ಬೇಳೆಯನ್ನು ಬೆರಳಲ್ಲಿ ಹಿಚುಕಿದರೂ ನಡುವೆ ಗಟ್ಟಿ ಕಾಳು. ಮತ್ತೆ ಮುಚ್ಚಿ ಮೂರು ಕೂಗು ಕೂಗಿಸಿದ ಮೇಲೆ ಸಾರಿಗೆ ಬಂತು. ಮೆಂತ್ಯದ ಹಿಟ್ಟಿನ ಪ್ಯಾಕೆಟ್ ಉಬ್ಬಿ ದಿಂಬಾಗಿತ್ತು. ಆ ಚಳಿ ಗಾಳಿಯಲ್ಲಿ ಬಿಸಿ ಅನ್ನ, ಸಾರು, ಹಪ್ಪಳ. ಎದುರಿಗೆ ಗ್ರೆನೇಡಿಯರ್ ಶಿಖರಗಳ ಸಾಲು. ಪಕ್ಕದ ಗಾಡಿಯ ಹಿರಿಯ ದಂಪತಿ ಒಗ್ಗರಣೆ ಘಮಕ್ಕೆ ಬಂದು ಮಾತಾಡಿಸಿದರು, ಅವರಿಗೂ ಒಂದು ಬಟ್ಟಲು ಸಾರು ಹೋಯಿತು.

ರೆಡ್ ಮೌಂಟನ್ ದಾರಿ. ಹತ್ತುವುದು ಸಲೀಸು. ತುದಿ ದಾಟಿ ಇಳಿಯುವಾಗ ಬಲಗಡೆ ಕೆಂಪು ಬೆಟ್ಟಗಳು. ಕಬ್ಬಿಣದ ತುಕ್ಕು ಅದು ಅಂತ ಓದಿದ್ದೆ, ಆದರೂ ಎದುರಿಗೆ ಕಂಡಾಗ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ರಸ್ತೆ ಪಕ್ಕದ ತೊರೆಯಲ್ಲಿ ಕಲ್ಲುಗಳಿಗೆಲ್ಲ ಕಾವಿ ಬಳಿದ ಹಾಗೆ ಕಿತ್ತಳೆ ಬಣ್ಣ ಹತ್ತಿತ್ತು. ಹಳೆ ಗಣಿಯ ಮರದ ಗೋಪುರ ಇನ್ನೂ ನಿಂತಿದೆ. ಅಪ್ಪ ಅದನ್ನೇ ನೋಡುತ್ತಾ ಕೂತರು. ಯುರೇ ಹತ್ತಿರ ಬಂದಾಗ ಶುರುವಾಯಿತು ನೋಡಿ, ಆ ಅಂಚು. ನಾವು ಗೋಡೆಯ ಕಡೆ ಇದ್ದೆವು. ಆದರೂ ಎದುರು ಲೇನಿನ ಆಚೆ ನೆಲವೇ ಇಲ್ಲ. ಎದುರಿಗೆ ಬರುತ್ತಿದ್ದ ಮೋಟರ್‌ಹೋಮ್‌ಗಳಲ್ಲಿ ಬಲಗಡೆ ಸೀಟಿನಲ್ಲಿದ್ದವರ ಮುಖ ನೋಡಿದರೆ ಡೆನ್ವರ್ ಕನ್ನಡಿಗರ ಮಾತಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತಿತ್ತು. ಗಂಟೆಗೆ 15 ಮೈಲಿ ವೇಗ ಅಂತ ಬರೆದ ತಿರುವುಗಳಲ್ಲಿ ಯಜಮಾನರು 12ರಲ್ಲೇ ಹೋದರು. ಸ್ಮಾರಕದ ಹತ್ತಿರ ಅಪ್ಪ ಕೂತಲ್ಲಿಂದಲೇ ಕೈ ಮುಗಿದರು.

ಯುರೇಯಲ್ಲಿ ಬಿಸಿನೀರಿನ ಕೊಳ ಇದೆ, ತಪ್ಪಿಸಬೇಡಿ. ಗಂಧಕದ ವಾಸನೆ ಒಂದು ಚೂರೂ ಇಲ್ಲ. ಅಪ್ಪ ಎದೆಮಟ್ಟದ ನೀರಿನಲ್ಲಿ ಬಹಳ ಹೊತ್ತು ಕೂತರು, ಆ ರಾತ್ರಿ ಮಂಡಿಗೆ ಎಣ್ಣೆ ಕೇಳಲಿಲ್ಲ. ಮಲಗಿದ್ದು ರಿಜ್ವೇ ಸ್ಟೇಟ್ ಪಾರ್ಕ್‌ನಲ್ಲಿ, ಕರೆಂಟ್ ಇರುವ ಜಾಗ. ಅಮ್ಮನಿಗೆ ತಲೆನೋವೂ ಬರಲಿಲ್ಲ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ನಾವೆಲ್ಲ ಇಲ್ಲಿ ಚರ್ಚೆ ಮಾಡಿದ್ದು ಆ 25 ಮೈಲಿ ಬಗ್ಗೆ. ಆದರೆ ಬಣ್ಣಕ್ಕೆ ಅಂತ ಹೋಗುವುದಾದರೆ ಸುತ್ತಿನ ಪಶ್ಚಿಮ ಭಾಗವೇ ಹೆಚ್ಚು. ಮಿಲಿಯನ್ ಡಾಲರ್ ಹೈವೇ ಬಂಡೆಯ ರಸ್ತೆ, ಭಯದ ರಸ್ತೆ. ಆಸ್ಪೆನ್ ಅಲ್ಲೂ ಇದೆ, ಆದರೆ ನೋಡುವ ನೆಮ್ಮದಿ ಇಲ್ಲ. ರಿಜ್ವೇಯಿಂದ ಟೆಲ್ಯುರೈಡ್ ಕಡೆ ಹೋಗುವ 62ನೇ ರಸ್ತೆಯಲ್ಲಿ ಡಾಲಸ್ ಡಿವೈಡ್ ಅಂತ ಬರುತ್ತದೆ, 8,970 ಅಡಿ. ಅಗಲ ರಸ್ತೆ, ನಿಲ್ಲಿಸಲು ಜಾಗ. ಕೆಳಗೆ ಕುರುಚಲು ಓಕ್ ಕೆಂಪು, ಅದರ ಮೇಲೆ ಆಸ್ಪೆನ್ ಹಳದಿ, ಅದರ ಮೇಲೆ ಪೈನ್ ಕಪ್ಪು ಹಸಿರು, ಎಲ್ಲಕ್ಕಿಂತ ಮೇಲೆ ಹೊಸ ಹಿಮ ಬಿದ್ದ ಸ್ನೆಫಲ್ಸ್ ಶಿಖರ. ಬಯಲುಸೀಮೆಯವರು ಕೇಳಿದ್ದರಲ್ಲ, ಓಡಿಸುವವರೂ ನೋಡಬೇಕಲ್ವಾ ಅಂತ. ಅಲ್ಲಿ ಯಜಮಾನರು ಸ್ಟೀರಿಂಗ್ ಬಿಟ್ಟಿಳಿದು, ಮಡಚುವ ಕುರ್ಚಿ ಹಾಕಿಕೊಂಡು, ಫಿಲ್ಟರ್ ಕಾಫಿ ಹಿಡಿದು ಕೂತರು.

ಟೆಲ್ಯುರೈಡ್ ಊರೊಳಗೆ ಮೋಟರ್‌ಹೋಮ್ ನಿಲ್ಲಿಸುವುದು ಕಷ್ಟ. ಆದರೆ ಬೆಟ್ಟ ಹತ್ತಿ ಇಳಿಯುವ ಗೊಂಡೋಲ ಇದೆ, ಟಿಕೆಟ್ ಇಲ್ಲ. ಅಪ್ಪನ ಕಾಲಿಗೆ ಒಂದು ಹೆಜ್ಜೆ ನೋವಿಲ್ಲದೆ ಕಾಡಿನ ತಲೆಯ ಮೇಲೆ ತೇಲಿಕೊಂಡು ಹೋದೆವು. ಅಲ್ಲಿಂದ ದಕ್ಷಿಣಕ್ಕೆ ಲಿಜರ್ಡ್ ಹೆಡ್ ದಾರಿ, 10,222 ಅಡಿ. ಟ್ರೌಟ್ ಲೇಕ್ ಹತ್ತಿರ ಅಮ್ಮ ಬಿದ್ದ ಎಲೆಗಳನ್ನು ಆರಿಸಿ, ಒಂದೊಂದರ ತೊಟ್ಟನ್ನೂ ಬೆರಳಲ್ಲಿ ತಿರುಗಿಸಿ ನೋಡಿದರು. ಗಿಡಮರ ಅವರು ಬರೆದದ್ದನ್ನು ದಾರಿಯಲ್ಲಿ ಓದಿ ಹೇಳಿದ್ದೆ. "ಹೌದಲ್ಲೇ, ಚಪ್ಪಟೆನೇ ಇದೆ" ಅಂದರು. ಮರದ ಕಾಂಡ ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ, ಸುಣ್ಣ ಬಳಿದ ಗೋಡೆ ಮುಟ್ಟಿದ ಹಾಗೆ. ಗಾಳಿ ಬಂದಾಗ ಇಡೀ ಕಾಡು ಸದ್ದು ಮಾಡುತ್ತದೆ. ಫೋಟೊದಲ್ಲಿ ಅದು ಬರಲ್ಲ.

ಆಮೇಲೆ ಡೊಲೊರೆಸ್ ನದಿ ಜೊತೆಗೇ ಇಳಿದು ಕಾರ್ಟೆಜ್. ಮೆಸಾ ವರ್ಡೆಯಲ್ಲಿ ಬಂಡೆಯ ಪೊಟರೆಯೊಳಗೆ ಕಟ್ಟಿದ ಮನೆಗಳನ್ನು ದೂರದಿಂದ ತೋರಿಸಿ ಮನೆ ಸೇರಿದೆವು.

ಬಯಲುಸೀಮೆಯವ

ಓದಿ ಬಹಳ ಸಂತೋಷ ಆಯಿತು. ಡಾಲಸ್ ಡಿವೈಡ್ ಬಗ್ಗೆ ಬರೆದದ್ದಕ್ಕೆ ಪೂರ್ತಿ ಒಪ್ಪಿಗೆ. 34 ಅಡಿ ಗಾಡಿಗೆ ನನ್ನ ಮಾತು ಈಗಲೂ ಅದೇ, 25 ಅಡಿಗೆ ನಿಮ್ಮ ಮಾತು ಸರಿ.

ಅಡುಗೆಮನೆ ಅಕ್ಕ

ಸಾರು ಹಂಚಿಕೊಂಡು ಉಂಡದ್ದು ಓದಿ ಕಣ್ಣು ತುಂಬಿ ಬಂತು ತಂಗಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಹ್ಯೂಸ್ಟನ್ ದಂಪತಿ

ಈ ಎಳೆ ಪೂರ್ತಿ ಓದಿದೆವು. ನಮ್ಮದು 36 ಅಡಿಯ ಡೀಸೆಲ್, ಹಿಂದೆ ಕಾರು ಎಳೆಯುತ್ತೇವೆ. ರೆಡ್ ಮೌಂಟನ್ ಮೇಲೆ ದೊಡ್ಡ ಗಾಡಿ ಹತ್ತಿಸದೆ ಈ ಬಣ್ಣವನ್ನೆಲ್ಲ ನೋಡಲು ದಾರಿ ಇದೆಯೇ?

ಡೆನ್ವರ್ ಕನ್ನಡಿಗ

ಇದೆ. ಡುರಾಂಗೊ ತಲುಪಿದ ಮೇಲೆ ಉತ್ತರಕ್ಕೆ ಹೋಗಬೇಡಿ. ಯುಎಸ್ 160ರಲ್ಲಿ ಪಶ್ಚಿಮಕ್ಕೆ ಕಾರ್ಟೆಜ್, ಅಲ್ಲಿಂದ 145ರಲ್ಲಿ ಡೊಲೊರೆಸ್, ರೀಕೊ, ಲಿಜರ್ಡ್ ಹೆಡ್ ದಾಟಿ ಪ್ಲಾಸರ್‌ವಿಲ್, ಆಮೇಲೆ 62ರಲ್ಲಿ ಡಾಲಸ್ ಡಿವೈಡ್ ಹತ್ತಿ ರಿಜ್ವೇ. ಅಂದರೆ ಮೇಡಂ ಹೇಳಿದ ಒಳ್ಳೆಯ ಭಾಗವೆಲ್ಲ ದೊಡ್ಡ ಗಾಡಿಯಲ್ಲೇ ಆಗುತ್ತದೆ. ರಿಜ್ವೇಯಲ್ಲಿ ಗಾಡಿ ನಿಲ್ಲಿಸಿ ಕಾರು ಬಿಚ್ಚಿ ಸಿಲ್ವರ್ಟನ್‌ಗೆ ಹೋಗಿ ಬನ್ನಿ. ಹೋಗುವಾಗ ಅಂಚಿನ ಲೇನ್ ಬರುತ್ತದೆ, ಕಾರಿನಲ್ಲಿ ಅದು ದೊಡ್ಡ ವಿಷಯ ಅಲ್ಲ. ವಾಪಸ್ ಬಂದ ದಾರಿಯಲ್ಲೇ ಇಳಿಯಿರಿ.

ಲಾಸ್ಟ್ ಡಾಲರ್ ರೋಡ್ ಅಂತ ಟೆಲ್ಯುರೈಡ್ ಕಡೆಗೆ ಒಂದು ಒಳದಾರಿ ಮ್ಯಾಪ್‌ನಲ್ಲಿ ಕಾಣುತ್ತದೆ. ಮಣ್ಣು ರಸ್ತೆ, ಮೋಟರ್‌ಹೋಮ್‌ಗೆ ಅಲ್ಲವೇ ಅಲ್ಲ. ಜಿಪಿಎಸ್ ತೋರಿಸಿದರೂ ತಿರುಗಬೇಡಿ. ರಿಜ್ವೇ ಸ್ಟೇಟ್ ಪಾರ್ಕ್ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ. ಸೆಪ್ಟೆಂಬರ್ ಕೊನೆಯ ವಾರ ಬೇಕಿದ್ದರೆ ಮಾರ್ಚ್ ಕೊನೆಗೇ ಕಾದು ಕೂತು ಹಿಡಿಯಿರಿ, ಆ ವಾರದ ಜಾಗಕ್ಕೆ ಬಹಳ ಜನ ಕಾಯುತ್ತಿರುತ್ತಾರೆ.